ಸಾವಿರ ಜನರಲ್ಲಿ ಒಬ್ಬರು

ಆತ್ಮೀಯ ಕೇಳುಗರೇ, 1961ರಲ್ಲಿ ವೈದ್ಯ-ಸಂಶೋಧಕ ಕೆರ್ ವೈಟ್ ಮತ್ತು ಅವರ ಸಂಗಡಿಗರು ಅಮೆರಿಕ ಹಾಗೂ ಬ್ರಿಟನ್ನಿನ ಅಂಕಿಅಂಶಗಳಿಂದ ಒಂದು ಲೆಕ್ಕವನ್ನು ಕಟ್ಟಿದರು. ಸಾವಿರ ವಯಸ್ಕರಲ್ಲಿ ಒಂದು ತಿಂಗಳ ಅವಧಿಯಲ್ಲಿ ಸುಮಾರು 750 ಮಂದಿ ಕಾಯಿಲೆಯನ್ನೋ ಗಾಯವನ್ನೋ ಅನುಭವಿಸುತ್ತಾರೆ. ವೈದ್ಯರನ್ನು ಕಾಣುವವರು 250. ಆಸ್ಪತ್ರೆಗೆ ದಾಖಲಾಗುವವರು 9. ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದವರೆಗೆ ಹೋಗುವವರು ಒಬ್ಬರೇ. ಆ ಒಬ್ಬರನ್ನು ನೋಡಿ ಪಡೆದ ತಿಳಿವಳಿಕೆಯನ್ನು ಉಳಿದವರಿಗೂ ಹಾಗೆಯೇ ಅನ್ವಯಿಸಿದರೆ ತಪ್ಪಾಗುವುದು ಸಹಜ. ತಲೆನೋವೆಂದು ನರರೋಗ ತಜ್ಞರ ಬಳಿಗೆ ಬರುವವರಲ್ಲಿ ಗಂಭೀರ ಕಾರಣ ಸಿಗುವ ಸಾಧ್ಯತೆಗೂ, ಅದೇ ದೂರಿನೊಂದಿಗೆ ಮೊದಲ ಬಾರಿ ಸಾಮಾನ್ಯ ವೈದ್ಯರ ಮುಂದೆ ಕೂರುವವರಲ್ಲಿ ಸಿಗುವ ಸಾಧ್ಯತೆಗೂ ಬಹಳ ಅಂತರವಿದೆ. ಆದ್ದರಿಂದ ರೋಗಿಗಳು ಮೊದಲು ಬಂದು ಸೇರುವ ಪ್ರಾಥಮಿಕ ಆರೋಗ್ಯ ಸೇವೆಯ ಪ್ರಶ್ನೆಗಳಿಗೆ ಅಲ್ಲಿಯೇ ಉತ್ತರ ಹುಡುಕಬೇಕು; ಪ್ರಶ್ನೆ ಎಂಥದೋ ಅದಕ್ಕೆ ತಕ್ಕ ಅಧ್ಯಯನ ವಿಧಾನವನ್ನು ಆರಿಸಿಕೊಳ್ಳಬೇಕು.

ಒಂದು ಕಾಯಿಲೆ ಈಗ ಎಷ್ಟು ಜನರಲ್ಲಿದೆ ಎಂದು ತಿಳಿಯಲು ಒಮ್ಮೆ ಮಾಡುವ ಸಮೀಕ್ಷೆ ಸಾಕು; ಯಾವುದು ಕಾರಣ, ಯಾವುದು ಪರಿಣಾಮ ಎಂಬುದನ್ನು ಮಾತ್ರ ಅದು ಹೇಳಲಾರದು. ಅದಕ್ಕೆ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಬೇಕು. ಬ್ರಿಟನ್ನಿನಲ್ಲಿ 1968ರಲ್ಲಿ ಸುಮಾರು 1,400 ಸಾಮಾನ್ಯ ವೈದ್ಯರು ಗರ್ಭನಿರೋಧಕ ಮಾತ್ರೆ ಸೇವಿಸುವ ಮತ್ತು ಸೇವಿಸದ ಸುಮಾರು 46,000 ಮಹಿಳೆಯರ ಆರೋಗ್ಯವನ್ನು ದಾಖಲಿಸತೊಡಗಿದರು. ಒಂದೇ ಕುಟುಂಬವನ್ನು ದಶಕಗಳ ಕಾಲ ಬಲ್ಲ ವೈದ್ಯರಿದ್ದುದರಿಂದಲೇ ಇಂತಹ ಕೆಲಸ ಸಾಧ್ಯವಾಯಿತೆಂದು ನಾನು ನಂಬಿದ್ದೇನೆ.

ಚಿಕಿತ್ಸೆಯ ಫಲವನ್ನು ಅಳೆಯಲು ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ ಆ ಚಿಕಿತ್ಸೆ ಕೊಟ್ಟು ಹೋಲಿಸುವ ಪ್ರಯೋಗವೇ ಬೇಕು. ರಕ್ತದೊತ್ತಡ ಸ್ವಲ್ಪವೇ ಹೆಚ್ಚಿರುವವರು ಆಸ್ಪತ್ರೆಗೆ ಬರುವುದೇ ಅಪರೂಪವಾದ್ದರಿಂದ, 1985ರಲ್ಲಿ ಪ್ರಕಟವಾದ ಬ್ರಿಟಿಷ್ ಪ್ರಯೋಗವೊಂದು 176 ಸಾಮಾನ್ಯ ಚಿಕಿತ್ಸಾಲಯಗಳಲ್ಲಿ 17,354 ಮಂದಿಯನ್ನು ಸೇರಿಸಿಕೊಂಡಿತು. ಒಂದು ವರ್ಷ 850 ಜನರಿಗೆ ಔಷಧ ಕೊಟ್ಟರೆ ಸುಮಾರು ಒಂದು ಪಾರ್ಶ್ವವಾಯು ತಪ್ಪುತ್ತದೆ ಎಂಬುದು ಅದರ ಒಂದು ಫಲಿತಾಂಶ.

ಆದರೆ ಪರೀಕ್ಷೆಗೆ ಒಳಗಾಗುವುದು ಮಾತ್ರೆಯಲ್ಲದೆ ವೈದ್ಯರ ಮಾತಿನ ರೀತಿಯೇ ಆಗಿದ್ದರೆ? ಹೊಸದಾಗಿ ಕಲಿತದ್ದನ್ನು ಅರ್ಧ ರೋಗಿಗಳ ಮುಂದೆ ಮಾತ್ರ ಮರೆತುಬಿಡುವುದು ಯಾವ ವೈದ್ಯರಿಗೂ ಆಗದು. ಆಗ ಇಡೀ ಚಿಕಿತ್ಸಾಲಯಗಳನ್ನೇ ಎರಡು ಗುಂಪುಗಳಾಗಿ ವಿಂಗಡಿಸುತ್ತಾರೆ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ: ಒಂದೇ ಚಿಕಿತ್ಸಾಲಯದ ರೋಗಿಗಳು ಪರಸ್ಪರ ಹೋಲುವುದರಿಂದ, ಪ್ರತಿ ಚಿಕಿತ್ಸಾಲಯದಿಂದ 20 ಮಂದಿ ಇದ್ದು ಆ ಹೋಲಿಕೆಯ ಅಳತೆ (ಹೋಲಿಕೆಯೇ ಇಲ್ಲದಿದ್ದರೆ 0, ಪೂರ್ತಿ ಹೋಲಿದರೆ 1) 0.05ರಷ್ಟೇ ಇದ್ದರೂ, ಬೇಕಾಗುವ ರೋಗಿಗಳ ಸಂಖ್ಯೆ ಸರಿಸುಮಾರು ಇಮ್ಮಡಿಯಾಗುತ್ತದೆ. ಈ ಲೆಕ್ಕವನ್ನು ಕಡೆಗಣಿಸಿದ ಅಧ್ಯಯನವು ಇಲ್ಲದ ಪರಿಣಾಮವನ್ನು ಇದೆಯೆಂದು ತೋರಿಸಬಹುದು.

ಇನ್ನು, ಗುಣ ಕಂಡ ಔಷಧವನ್ನೂ ರೋಗಿ ನಡುವೆಯೇ ಏಕೆ ನಿಲ್ಲಿಸಿದರು ಎಂಬ ಪ್ರಶ್ನೆಗೆ ಇವುಗಳಲ್ಲಿ ಯಾವ ಅಧ್ಯಯನ ವಿಧಾನವೂ ಒದಗುವುದಿಲ್ಲ. ಅದಕ್ಕಾಗಿ ಸಂಶೋಧಕರು ಸಿದ್ಧ ಪ್ರಶ್ನಾವಳಿಯನ್ನು ಬದಿಗಿಟ್ಟು, ರೋಗಿಯ ಎದುರು ಕುಳಿತು, ಅವರು ಹೇಳುವುದನ್ನು ಅವರದೇ ಮಾತಿನಲ್ಲಿ ಕೇಳಿಸಿಕೊಳ್ಳುತ್ತಾರೆ.