ಪಿ.ಕೆ. ಬ್ಯಾನರ್ಜಿ: ಆಟಗಾರ ಕೋಚ್ ಆದ ಬಗೆ

ಸ್ನೇಹಿತರೇ, ನಮಸ್ಕಾರ.

ಫುಟ್ಬಾಲ್ ಕ್ಲಬ್ಬಿಗೆ ಕೋಚ್ ಹುಡುಕುವಾಗ ಕಮಿಟಿಯವರು ಮೊದಲು ಕೇಳುವುದು ಒಂದೇ ಪ್ರಶ್ನೆ: ‘ಇಂಡಿಯಾ ಟೀಮಿಗೆ ಆಡಿದ್ದಾನಾ?’ ಚೆನ್ನಾಗಿ ಆಡಿದವರು ಚೆನ್ನಾಗಿ ಕಲಿಸಿಯೂ ಕಲಿಸುತ್ತಾರೆ ಅನ್ನುವ ನಂಬಿಕೆ ಅದು. ಪ್ರದೀಪ್ ಕುಮಾರ್ ಬ್ಯಾನರ್ಜಿ, ಎಲ್ಲರ ಬಾಯಲ್ಲಿ ಪಿ.ಕೆ., ಎರಡನ್ನೂ ಮಾಡಿ ತೋರಿಸಿದವರು. ಆದರೆ ಅವರು ಒಳ್ಳೆಯ ಕೋಚ್ ಆದದ್ದು ಒಳ್ಳೆಯ ಆಟಗಾರನಾಗಿದ್ದಕ್ಕೆ ಅಂತ ನನಗೆ ಅನಿಸುವುದಿಲ್ಲ. ಒಬ್ಬ ದೊಡ್ಡ ಗುರುವಿನ ಕೈಕೆಳಗೆ ಕಣ್ಣು ಕಿವಿ ತೆರೆದುಕೊಂಡು ಇದ್ದದ್ದಕ್ಕೆ ಅನಿಸುತ್ತದೆ.

ಆಟದ ಕಥೆ ಬೇಗ ಮುಗಿಸುತ್ತೇನೆ. 1936ರಲ್ಲಿ ಜಲಪೈಗುರಿಯಲ್ಲಿ ಹುಟ್ಟಿದರು, ಜಮ್ಶೆಡ್‌ಪುರದಲ್ಲಿ ಬೆಳೆದರು. ಕಲ್ಕತ್ತಾಗೆ ಬಂದು ರೈಲ್ವೆ ನೌಕರಿ ಹಿಡಿದರು, ಈಸ್ಟರ್ನ್ ರೈಲ್ವೆಗೆ ಆಡಿದರು. ರೈಟ್ ವಿಂಗ್‌ನಲ್ಲಿ ಓಟ, ಕಾಲಲ್ಲಿ ಗುಂಡಿನಂಥ ಶಾಟ್. ಕಲ್ಕತ್ತಾದ ಬದ್ಧ ಎದುರಾಳಿ ಕ್ಲಬ್‌ಗಳಾದ ಮೋಹನ್ ಬಗಾನ್‌ಗಾಗಲಿ ಈಸ್ಟ್ ಬೆಂಗಾಲ್‌ಗಾಗಲಿ ಅವರು ಆಡಲೇ ಇಲ್ಲ. 1958ರಲ್ಲಿ ಈಸ್ಟರ್ನ್ ರೈಲ್ವೆ ಕಲ್ಕತ್ತಾ ಲೀಗ್ ಗೆದ್ದಿತು. ಈ ಎರಡು ಮತ್ತು ಮೊಹಮ್ಮಡನ್ ಸ್ಪೋರ್ಟಿಂಗ್, ಈ ಮೂರು ದೊಡ್ಡ ಕ್ಲಬ್‌ಗಳನ್ನು ಬಿಟ್ಟು ಬೇರೆಯವರು ಆ ಲೀಗ್ ಮತ್ತೆ ಗೆದ್ದದ್ದು 2019ರಲ್ಲಿ! 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದ ತಂಡದಲ್ಲಿ ಪಿ.ಕೆ. ಇದ್ದರು. 1960ರಲ್ಲಿ ರೋಮ್‌ಗೆ ಹೋದಾಗ ಅವರೇ ಕ್ಯಾಪ್ಟನ್. ಫ್ರಾನ್ಸ್ ಎದುರು 1-1 ಡ್ರಾ ಆಯ್ತಲ್ಲ, ಆ ಗೋಲು ಅವರದೇ.

ಈಗ 1962ರ ಜಕಾರ್ತಾ. ಇಲ್ಲಿ ಸ್ವಲ್ಪ ನಿಲ್ಲೋಣ. ಏಷ್ಯನ್ ಗೇಮ್ಸ್‌ಗೆ ಇಸ್ರೇಲ್ ಮತ್ತು ತೈವಾನ್ ತಂಡಗಳನ್ನು ಇಂಡೋನೇಷ್ಯಾ ಸೇರಿಸಿಕೊಳ್ಳಲಿಲ್ಲ. ಅದನ್ನು ಏಷ್ಯನ್ ಗೇಮ್ಸ್ ಹುಟ್ಟುಹಾಕಿದ ನಮ್ಮ ಜಿ.ಡಿ. ಸೋಂಧಿ ವಿರೋಧಿಸಿದರು. ಅದಕ್ಕೆ ಇಡೀ ಊರು ಭಾರತದವರ ಮೇಲೆ ಕೆಂಡ ಕಾರುತ್ತಿತ್ತು. ಮೊದಲ ಮ್ಯಾಚ್‌ನಲ್ಲೇ ದಕ್ಷಿಣ ಕೊರಿಯಾ ಕೈಲಿ 0-2 ಸೋಲು. ತಲೆಗೆ ಹೊಲಿಗೆ ಬಿದ್ದಿದ್ದ ಡಿಫೆಂಡರ್ ಜರ್ನೈಲ್ ಸಿಂಗ್‌ರನ್ನು ಕೋಚ್ ಸೈಯದ್ ಅಬ್ದುಲ್ ರಹೀಮ್ ಸೆಮಿಫೈನಲ್‌ನಲ್ಲಿ ಫಾರ್ವರ್ಡ್ ಮಾಡಿಬಿಟ್ಟರು. ಜರ್ನೈಲ್ ಗೋಲು ಹೊಡೆದರು. ಫೈನಲ್‌ನಲ್ಲಿ ಮತ್ತೆ ಅದೇ ಕೊರಿಯಾ, ಸುತ್ತ ಸುಮಾರು ಲಕ್ಷ ಜನರ ಗೇಲಿ. ಪಿ.ಕೆ. ಒಂದು, ಜರ್ನೈಲ್ ಇನ್ನೊಂದು, 2-1, ಚಿನ್ನ. ಆ ತಂಡದಲ್ಲಿ ನಮ್ಮ ಬೆಂಗಳೂರಿನ ಅರುಮೈನಾಯಗಂ ಕೂಡ ಇದ್ದರು. ರಹೀಮ್ ಸಾಹೇಬರಿಗೆ ಆಗಲೇ ಕ್ಯಾನ್ಸರ್. ಮರುವರ್ಷ ತೀರಿಕೊಂಡರು.

ಹೆದರಿದ ಹುಡುಗರನ್ನು ಹೇಗೆ ಕೂರಿಸಿಕೊಳ್ಳಬೇಕು, ಯಾರನ್ನು ಎಲ್ಲಿ ಬಿಡಬೇಕು, ಯಾರಿಗೆ ಯಾವ ಮಾತು ನಾಟುತ್ತದೆ. ಪಿ.ಕೆ. ಇದನ್ನೆಲ್ಲ ಕಣ್ಣಾರೆ ನೋಡಿದ್ದು ಅಲ್ಲಿ, ರಹೀಮ್ ಸಾಹೇಬರ ಹತ್ತಿರ. 1967ರಲ್ಲಿ ಆಟ ನಿಲ್ಲಿಸಿದರು. 1969ರಲ್ಲಿ ಜಪಾನ್‌ಗೆ ಹೋಗಿ ಜರ್ಮನ್ ಕೋಚ್ ಡೆಟ್ಮಾರ್ ಕ್ರಾಮರ್ ಹತ್ತಿರ ಕೋಚಿಂಗ್ ಕೋರ್ಸ್ ಮಾಡಿದರು. ಹೆಸರು ಇದೆಯಲ್ಲ, ಸುಮ್ನೆ ಸೀಟಿ ಹಿಡಿದು ನಿಂತರೆ ಸಾಕು ಅಂದುಕೊಳ್ಳಲಿಲ್ಲ. 1970ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲಿ ಜಿ.ಎಂ.ಎಚ್. ಬಾಷಾ ಜೊತೆ ತಂಡವನ್ನು ನೋಡಿಕೊಂಡರು. ಕಂಚು ಬಂತು. ಏಷ್ಯನ್ ಗೇಮ್ಸ್ ಫುಟ್ಬಾಲ್‌ನಲ್ಲಿ ನಮಗೆ ಅದೇ ಕೊನೆಯ ಪದಕ.

1972ರಲ್ಲಿ ಕೋಚ್ ಆಗಿ ಈಸ್ಟ್ ಬೆಂಗಾಲ್ ಸೇರಿದರು. 1975ರ ಐಎಫ್ಎ ಶೀಲ್ಡ್ ಫೈನಲ್‌ನಲ್ಲಿ ಮೋಹನ್ ಬಗಾನ್‌ಗೆ 5-0! ಸೋತ ಆಟಗಾರರು ಅಭಿಮಾನಿಗಳಿಗೆ ಹೆದರಿ ಆ ರಾತ್ರಿ ಗಂಗೆಯಲ್ಲಿ ದೋಣಿ ಮೇಲೆ ಕಳೆದರಂತೆ. ಮರುವರ್ಷ ಪಿ.ಕೆ. ಎಲ್ಲಿಗೆ ಹೋದರು ಗೊತ್ತಾ? ಅದೇ ಮೋಹನ್ ಬಗಾನ್‌ಗೆ. 1976ರ ಲೀಗ್ ಪಂದ್ಯದಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ 17ನೇ ಸೆಕೆಂಡಿಗೇ ಅಕ್ಬರ್ ಗೋಲು. 1977ರಲ್ಲಿ ಪೆಲೆ ಇದ್ದ ನ್ಯೂಯಾರ್ಕಿನ ಕಾಸ್ಮಾಸ್ ತಂಡದ ಜೊತೆ ಈಡನ್ ಗಾರ್ಡನ್ಸ್‌ನಲ್ಲಿ 2-2. ಆ ಋತುವಿನಲ್ಲಿ ಶೀಲ್ಡ್, ರೋವರ್ಸ್, ಡ್ಯುರಾಂಡ್ ಮೂರೂ ಕಪ್ ಮನೆಗೆ.

ಈ ಎರಡು ಕ್ಲಬ್‌ಗಳ ನಡುವೆ ಹೀಗೆ ಓಡಾಡಿ ಮರ್ಯಾದೆ ಉಳಿಸಿಕೊಳ್ಳುವುದು ಹುಡುಗಾಟವಲ್ಲ. ಯಾವುದೇ ಕಡೆಯ ಜರ್ಸಿ ಹಾಕಿ ಆಡದೇ ಇದ್ದದ್ದು ಇಲ್ಲಿ ಅವರ ಕೈ ಹಿಡಿಯಿತು. ರೈಲ್ವೆಯವನನ್ನು ‘ಅವರ ಕಡೆಯವನು’ ಅನ್ನೋದು ಹೇಗೆ, ಅಲ್ವಾ?

ಹುಡುಗರನ್ನು ಹುರಿದುಂಬಿಸುವ ಪಿ.ಕೆ. ಮಾತಿಗೆ ಕಲ್ಕತ್ತಾ ಪತ್ರಿಕೆಗಳು ‘ವೋಕಲ್ ಟಾನಿಕ್’ ಅಂತ ಹೆಸರಿಟ್ಟಿದ್ದವು. ಅದರ ಪೂರ್ತಿ ರುಚಿ ಕಂಡದ್ದು 1997ರ ಜುಲೈನಲ್ಲಿ, ದೇಶದ ಕ್ಲಬ್‌ಗಳು ಆಡುತ್ತಿದ್ದ ಫೆಡರೇಷನ್ ಕಪ್‌ನ ಸೆಮಿಫೈನಲ್. ಆಗ ಪಿ.ಕೆ. ಮತ್ತೆ ಈಸ್ಟ್ ಬೆಂಗಾಲ್ ಕೋಚ್. ಕಲ್ಕತ್ತಾದ ಸಾಲ್ಟ್ ಲೇಕ್ ಸ್ಟೇಡಿಯಂನಲ್ಲಿ 1,31,000ಕ್ಕೂ ಜಾಸ್ತಿ ಜನ. ಮೋಹನ್ ಬಗಾನ್ ಕೋಚ್ ಅಮಲ್ ದತ್ತ ಇಂಗ್ಲೆಂಡಿನಲ್ಲಿ ಕಲಿತು ಬಂದವರು, ಓದಿಕೊಂಡವರು. ಆಟಗಾರರನ್ನು ವಜ್ರದ ಆಕಾರದಲ್ಲಿ ನಿಲ್ಲಿಸುವ ಅವರ ‘ಡೈಮಂಡ್’ ಪದ್ಧತಿ ಎದುರಾಳಿಗಳನ್ನು ಪುಡಿಪುಡಿ ಮಾಡುತ್ತಿತ್ತು. ಪಂದ್ಯಕ್ಕೆ ಮುಂಚೆ ಅವರು ಈಸ್ಟ್ ಬೆಂಗಾಲ್ ಹುಡುಗರನ್ನು ಗೇಲಿ ಮಾಡಿದರು. ಭೈಚುಂಗ್ ‘ಚುಂಗ್ ಚುಂಗ್’, ಒಮೊಲೊ ‘ಆಮ್ಲೆಟ್’, ಸೋಸೊ ‘ಶೊಶಾ’, ಅಂದರೆ ಸೌತೆಕಾಯಿ. ಪಿ.ಕೆ.ಗೆ ಇನ್ನೇನು ಬೇಕು? ಭಾಷಣದ ಅರ್ಧ ಕೆಲಸ ಎದುರಾಳಿಯೇ ಮಾಡಿಕೊಟ್ಟಿದ್ದರು. ಆ ಮಾತುಗಳನ್ನೇ ಹಿಡಿದು ಹುಡುಗರ ರೋಷ ಕೆರಳಿಸಿದರು. 4-1. ಭೈಚುಂಗ್ ಹ್ಯಾಟ್ರಿಕ್.

ಬರೀ ಮಾತಿನಿಂದ ಗೆದ್ದರು ಅನ್ನುವವರನ್ನು ನಾನು ಒಪ್ಪುವುದಿಲ್ಲ. ಡೈಮಂಡ್‌ನಲ್ಲಿ ಎಲ್ಲರೂ ಮುಂದಕ್ಕೆ ನುಗ್ಗುತ್ತಿದ್ದರು, ಬೆನ್ನ ಹಿಂದೆ ಬಯಲು ಬಯಲು. ಭೈಚುಂಗ್ ಓಡಿದ್ದು ಅಲ್ಲಿಗೇ. ಹುಡುಗರು ರೋಷದಿಂದ ಓಡುತ್ತಾರೆ, ಸರಿ. ಎಲ್ಲಿಗೆ ಓಡಬೇಕು ಅಂತ ಯಾರಾದರೂ ಹೇಳಿಕೊಡಬೇಕಲ್ಲ.

ಎಲ್ಲ ಕಡೆ ಈ ಮದ್ದು ಕೆಲಸ ಮಾಡಲಿಲ್ಲ ಅನ್ನೋದನ್ನೂ ಹೇಳಬೇಕು. 1982ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ, ನಮ್ಮದೇ ನೆಲದಲ್ಲಿ, ಅವರು ಕೋಚ್ ಆಗಿದ್ದ ಭಾರತ ತಂಡ ಕ್ವಾರ್ಟರ್ ಫೈನಲ್‌ನಲ್ಲಿ ಸೌದಿ ಅರೇಬಿಯಾಗೆ 0-1 ಸೋತಿತು. ಇನ್ನು 1997ರ ಆ ಫೆಡರೇಷನ್ ಕಪ್? ಫೈನಲ್‌ನಲ್ಲಿ ಈಸ್ಟ್ ಬೆಂಗಾಲ್‌ನ್ನು ಸೋಲಿಸಿ ಗೋವಾದ ಸಾಲ್ಗಾಂವ್ಕರ್ ಎತ್ತಿಕೊಂಡು ಹೋಯ್ತು. ಕಲ್ಕತ್ತಾದಲ್ಲಿ ಅದನ್ನು ಕೇಳಿ ನೋಡಿ, ಯಾರಿಗೂ ಬೇಡದ ವಿಷಯ. ಸೆಮಿಫೈನಲ್ ಬಗ್ಗೆ ಮಾತ್ರ ಟೀ ಆರಿಹೋಗುವವರೆಗೂ ಹೇಳುತ್ತಾರೆ.

ಪ್ರಶ್ನೆಗಳಿದ್ದರೆ ಕೇಳಿ. ಡೈಮಂಡ್ ಬಗ್ಗೆ ಕೇಳುವವರಿದ್ದರೆ ಬೋರ್ಡ್ ಹತ್ತಿರ ಬನ್ನಿ, ಬರೆದು ತೋರಿಸುತ್ತೇನೆ.