ಭಾರ ಎತ್ತುವ ಕಾಲು, ಸೈಕಲ್ ತುಳಿಯುವ ಕಾಲು

ಕೇಳುಗರಿಗೆ ನಮಸ್ಕಾರ.

ದಿನಾ ಕೆಲಸಕ್ಕೆ ಸೈಕಲ್ಲಿನಲ್ಲೇ ಹೋಗಿ ಬರುವವರು ಇದ್ದಾರೆ. ಕೆಲವರ ದಾರಿ ದೂರ, ಹೋಗುವುದಕ್ಕೇ 15 ಅಥವಾ 20 ಕಿಲೋಮೀಟರ್. ಅಂಥವರಿಗೆ ಜಿಮ್ಮಿನಲ್ಲಿ ದೊಡ್ಡ ಭಾರ ಎತ್ತುವ ಆಸೆಯೂ ಇದ್ದರೆ ಏನು ಮಾಡಬೇಕು? ಇವತ್ತು ಅದರ ಬಗ್ಗೆ ಮಾತಾಡೋಣ ಅಂತ ಬಂದಿದ್ದೇನೆ.

ಈ ಆಸೆ ಹೇಳಿಕೊಂಡ ಕೂಡಲೇ ಒಂದು ಬುದ್ಧಿಮಾತು ಬರುತ್ತದೆ. ಎರಡು ದೋಣಿಯಲ್ಲಿ ಕಾಲಿಡಬೇಡ, ಯಾವುದಾದರೂ ಒಂದನ್ನು ಹಿಡಿ ಅಂತ. ನನಗೂ ಹೇಳಿದರು. ನಾನು ಕೇಳಲಿಲ್ಲ. ಕೆಲವು ತಿಂಗಳು ಕಳೆದ ಮೇಲೆ ಅವರು ಹೇಳಿದ್ದೇ ನಿಜವೇನೋ ಅಂತ ಅನ್ನಿಸಿದ್ದೂ ಉಂಟು.

ನನ್ನ ದಾರಿ 22 ಕಿಲೋಮೀಟರ್. ಹೋಗಿ ಬಂದರೆ 44. ವಾರಕ್ಕೆ ಐದು ದಿನ. ಇದರ ಮೇಲೆ ವಾರಕ್ಕೆ ಮೂರು ದಿನ ಜಿಮ್. ಮೊದಲ ಎರಡು ತಿಂಗಳು ಸ್ಕ್ವಾಟ್, ಅಂದರೆ ಭಾರದ ಕಬ್ಬಿಣದ ಸರಳನ್ನು (ಬಾರು) ಹೆಗಲ ಮೇಲಿಟ್ಟು ಕೂತು ಏಳುವುದು, ಚೆನ್ನಾಗಿ ಏರಿತು. ವಾರವಾರಕ್ಕೂ ಬಾರಿನ ಎರಡೂ ತುದಿಗೆ ಒಂದೊಂದು ಪುಟ್ಟ ಪ್ಲೇಟು ಜಾಸ್ತಿ. ಆಮೇಲೆ ಒಂದು ಬುಧವಾರ ಬಂತು. ಹಿಂದಿನ ವಾರ ಐದು ಸಲ ಎತ್ತಿದ್ದ ಅದೇ ಭಾರ. ಮೂರನೆಯ ಸಲ ಕೂತು ಏಳುತ್ತಿದ್ದೆ. ತಳದಿಂದ ಒಂದು ಗೇಣು ಮೇಲೆ ಬಂದಿದ್ದೆ ಅಷ್ಟೇ. ಬಾರು ಅಲ್ಲೇ ನಿಂತುಬಿಟ್ಟಿತು. ಬೆನ್ನು ನೆಟ್ಟಗಿತ್ತು, ಹೊಟ್ಟೆ ಬಿಗಿಯಾಗಿತ್ತು, ಉಸಿರೂ ಇತ್ತು. ಕಾಲಲ್ಲಿ ಮಾತ್ರ ಏನೂ ಉಳಿದಿರಲಿಲ್ಲ. ನಿಧಾನವಾಗಿ ಮತ್ತೆ ಕೂತು, ಬಾರನ್ನು ಅದನ್ನಿಡುವ ಚೌಕಟ್ಟಿನ ಅಡ್ಡ ಸರಳಿನ ಮೇಲೆ ಇಳಿಸಿ, ಬಗ್ಗಿ ಹೊರಗೆ ಬಂದೆ. ಮುಂದಿನ ವಾರವೂ ಹಾಗೇ ಆಯಿತು. ಅದರ ಮುಂದಿನ ವಾರ ಇನ್ನೂ ಕಡಿಮೆ.

ಇದು ನನ್ನೊಬ್ಬನ ಕಥೆಯಲ್ಲ. ರಾಬರ್ಟ್ ಹಿಕ್ಸನ್ ಅಂತ ಅಮೆರಿಕದ ಒಬ್ಬ ಸಂಶೋಧಕರಿದ್ದರು. ಭಾರ ಎತ್ತುವ ಅಭ್ಯಾಸ ಇದ್ದವರು. ಅವರು ಕೆಲಸಕ್ಕೆ ಸೇರಿದ ಪ್ರಯೋಗಾಲಯದ ಹಿರಿಯರು ಜಾನ್ ಹೊಲೋಸಿ. ಹೊಲೋಸಿ ಅವರಿಗೆ ಓಟ ಅಂದರೆ ಪ್ರೀತಿ. ಹಿರಿಯರ ಜೊತೆ ಓಡಲು ಶುರು ಮಾಡಿದ ಮೇಲೆ ಹಿಕ್ಸನ್ ಅವರಿಗೆ ತಮ್ಮ ಮೈಕಟ್ಟು ಕರಗುತ್ತಿರುವುದು ಕಾಣಿಸಿತು. ಇದು ಯಾಕೆ ಅಂತ ನೋಡಲೇಬೇಕು ಅಂದುಕೊಂಡರು. 1980ರಲ್ಲಿ ಅವರ ಪ್ರಯೋಗದ ವರದಿ ಬಂತು. 10 ವಾರ, ಮೂರು ಗುಂಪು. ಒಂದು ಗುಂಪು ವಾರಕ್ಕೆ ಐದು ದಿನ ಭಾರ ಎತ್ತಿತು. ಇನ್ನೊಂದು ಗುಂಪು ವಾರಕ್ಕೆ ಆರು ದಿನ ಸೈಕಲ್ ತುಳಿಯಿತು, ಓಡಿತು. ಮೂರನೆಯ ಗುಂಪು ಎರಡನ್ನೂ ಮಾಡಿತು. ಎರಡನ್ನೂ ಮಾಡಿದವರ ಬಲ ಏಳನೆಯ ವಾರದ ಹೊತ್ತಿನವರೆಗೆ ಚೆನ್ನಾಗಿಯೇ ಏರಿತು. ಅಲ್ಲಿ ನಿಂತಿತು. ಕೊನೆಯ ಎರಡು ವಾರ ಇಳಿಯಿತು. ಅವರ ದಮ್ಮು ಮಾತ್ರ ಬರೀ ಸೈಕಲ್ ತುಳಿದು ಓಡಿದವರಷ್ಟೇ ಹೆಚ್ಚಿತು.

ಇದನ್ನು ಓದಿದಾಗ ನನಗೆ ಮೈ ಜುಮ್ ಅಂದಿತು. ನನ್ನ ಬುಧವಾರವನ್ನೇ ಯಾರೋ ಬರೆದಿಟ್ಟ ಹಾಗಿತ್ತು.

ಆದರೆ ಈ ಪ್ರಯೋಗವನ್ನು ಹತ್ತಿರದಿಂದ ನೋಡಬೇಕು. ಅವರು ಎಷ್ಟು ಮಾಡುತ್ತಿದ್ದರು ಅಂತ ಗಮನಿಸಿ. ಐದು ದಿನ ಭಾರ, ಆರು ದಿನ ದಮ್ಮಿನ ಕಸರತ್ತು. ಸೈಕಲ್ ಹತ್ತಿದ ದಿನ ಐದೈದು ನಿಮಿಷ ಹೆಚ್ಚುಕಡಿಮೆ ಪೂರ್ತಿ ಶಕ್ತಿ ಹಾಕಿ ತುಳಿಯಬೇಕಿತ್ತು. ಓಡಿದ ದಿನ ಆದಷ್ಟು ಜೋರಾಗಿ ಓಡಬೇಕಿತ್ತು. ನಿಧಾನದ ದಿನ ಅನ್ನುವುದೇ ಇರಲಿಲ್ಲ.

ಆಗ ನನ್ನ ಸೈಕಲ್ ಸವಾರಿಯ ಕಡೆ ನೋಡಿದೆ. ಬೆಳಿಗ್ಗೆ ಹೊರಡುವುದೇ ತಡ. ತಡ ಆದದ್ದಕ್ಕೆ ಜೋರು. ಸಂಜೆ ಮನೆ ಸೇರುವ ಆತುರ. ಯಾರಾದರೂ ಹಿಂದಿನಿಂದ ಬಂದು ಮುಂದೆ ಹೋದರೆ ಅವರ ಬೆನ್ನು ಹತ್ತುವುದು. ಎದುರುಗಾಳಿ ಬಂದರೆ ಹಲ್ಲು ಕಚ್ಚಿ ಅದೇ ವೇಗ ಹಿಡಿಯುವುದು. ಅಂದರೆ ವಾರಕ್ಕೆ ಹತ್ತು ಸಲ ನಾನು ಸುಮ್ನೆ ರೇಸ್ ಓಡಿಸುತ್ತಿದ್ದೆ, ಅಲ್ವಾ? ಸ್ಕ್ವಾಟಿಗೆ ನಿಂತಾಗ ಕಾಲು ಎಲ್ಲಿಂದ ಬರಬೇಕು?

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಸೈಕಲ್ ತಾನಾಗಿ ಬಲವನ್ನು ತಿಂದುಹಾಕುವುದಿಲ್ಲ. ಈ ವಿಚಾರದಲ್ಲಿ ಓಟಕ್ಕಿಂತ ಸೈಕಲ್ ಬಹಳ ಮೃದು. ಓಡುವಾಗ ಪ್ರತಿ ಹೆಜ್ಜೆಗೂ ಮೈಯ ಭಾರ ಕೆಳಗೆ ಬೀಳುತ್ತದೆ. ಅದನ್ನು ತಡೆಯಲು ತೊಡೆಯ ಸ್ನಾಯು ಬಿಗಿಯಾಗಿರುವಾಗಲೇ ಹಿಗ್ಗಬೇಕು. ಬೆಟ್ಟ ಇಳಿದ ಮರುದಿನ ತೊಡೆ ಹಿಡಿದುಕೊಳ್ಳುತ್ತದಲ್ಲ, ಅದು ಇದರಿಂದಲೇ. ಪೆಡಲ್ ತುಳಿಯುವಾಗ ಸ್ನಾಯು ಕುಗ್ಗಿ ತಳ್ಳುತ್ತದೆ ಅಷ್ಟೇ, ಬೀಳುವ ಭಾರವನ್ನು ತಡೆಯುವ ಕೆಲಸ ಇಲ್ಲ. ಹಾಗಾಗಿ ಸೈಕಲ್ಲಿನಿಂದ ಸ್ನಾಯುವಿಗೆ ಆಗುವ ಪೆಟ್ಟು ಕಡಿಮೆ. ಈಚೆಗೆ, 2022ರಲ್ಲಿ, ಇಂಥ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಒಂದು ವಿಮರ್ಶೆ ಬಂತು. ದಮ್ಮಿನ ಕಸರತ್ತನ್ನು ಜೊತೆಗೆ ಮಾಡಿದರೂ ಗರಿಷ್ಠ ಬಲಕ್ಕೆ, ಸ್ನಾಯುವಿನ ಗಾತ್ರಕ್ಕೆ ಅಡ್ಡಿಯಾಗಲಿಲ್ಲ ಅಂತ ಅದರಲ್ಲಿ ಕಂಡಿತು. ಜಿಗಿಯುವ, ಥಟ್ಟನೆ ಚಿಮ್ಮುವ ಬಲ ಮಾತ್ರ ಸ್ವಲ್ಪ ಕುಂದಿತು, ಅದೂ ಎರಡನ್ನೂ ಬೆನ್ನುಬೆನ್ನಿಗೆ ಮಾಡಿದಾಗ ಜಾಸ್ತಿ.

ಇನ್ನು ಭಾರ ಎತ್ತುವುದರಿಂದ ಸೈಕಲ್ಲಿಗೆ ಏನು ಲಾಭ? ಇದು ನನಗೆ ತುಂಬಾ ಇಷ್ಟವಾದ ಭಾಗ. ಅದೇ ಹಿಕ್ಸನ್ 1988ರಲ್ಲಿ ಇನ್ನೊಂದು ವರದಿ ಕೊಟ್ಟರು. ಈ ಸಲ ಮೊದಲೇ ಓಟ, ಸೈಕಲ್ ಪಳಗಿದವರನ್ನು ತೆಗೆದುಕೊಂಡು, ವಾರಕ್ಕೆ ಮೂರು ದಿನ, 10 ವಾರ, ಕಾಲಿನ ಭಾರ ಎತ್ತಿಸಿದರು. ಒಂದೇ ಹದದಲ್ಲಿ ತುಳಿಯುತ್ತಾ 71 ನಿಮಿಷಕ್ಕೆ ಸೋಲುತ್ತಿದ್ದವರು ಆಮೇಲೆ 85 ನಿಮಿಷ ತುಳಿದರು. ನಾರ್ವೆಯ ಬೆಂಟ್ ರೋನ್ನೆಸ್ಟಾಡ್ ಮತ್ತು ಅವರ ಜೊತೆಯವರು ಸೈಕಲ್ ಸ್ಪರ್ಧಿಗಳಿಗೆ ವಾರಕ್ಕೆ ಎರಡೇ ದಿನ, 12 ವಾರ, ದೊಡ್ಡ ಭಾರ ಕೊಟ್ಟರು. ಮೂರು ಗಂಟೆ ತುಳಿದು ದಣಿದ ಮೇಲೆ ಕೊನೆಯ ಐದು ನಿಮಿಷ ಪೂರ್ತಿ ಶಕ್ತಿ ಹಾಕಿ ಅಂದಾಗ, ಭಾರ ಎತ್ತಿದವರ ತುಳಿತ ಮೊದಲಿಗಿಂತ ಗಟ್ಟಿಯಾಗಿತ್ತು. ಇದರ ಲೆಕ್ಕ ಸುಲಭ. ಕಾಲಿನ ಒಟ್ಟು ಬಲ ಹೆಚ್ಚಾದರೆ ಪ್ರತಿ ತುಳಿತಕ್ಕೆ ಬೇಕಾಗುವ ಬಲ ಅದರಲ್ಲಿ ಸಣ್ಣ ಪಾಲಾಗುತ್ತದೆ. ಸ್ನಾಯುವಿನಲ್ಲಿ ಬೇಗ ಸುಸ್ತಾಗದ ಎಳೆಗಳೇ ಹೆಚ್ಚು ಹೊತ್ತು ಕೆಲಸ ನಡೆಸಿಕೊಂಡು ಹೋಗುತ್ತವೆ.

ಮೂಳೆಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಸೈಕಲ್ಲಿನ ಮೇಲೆ ಮೈಭಾರವನ್ನು ಸೀಟು ಹೊರುತ್ತದೆ. ಮೂಳೆಗೆ ಬೀಳುವ ಭಾರ ಕಡಿಮೆ. ವರ್ಷಾನುಗಟ್ಟಲೆ ಬರೀ ಸೈಕಲ್ ತುಳಿದ ಸ್ಪರ್ಧಿಗಳಲ್ಲಿ ಸೊಂಟದ ಬೆನ್ನುಮೂಳೆಯ ಸಾಂದ್ರತೆ ಕಡಿಮೆ ಇರುವುದು ಕಂಡುಬಂದಿದೆ. ಹೆಗಲ ಮೇಲೆ ಬಾರು ಇಟ್ಟು ನಿಂತಾಗ ಬೆನ್ನುಮೂಳೆಗೆ ಸಿಗುವ ಕೆಲಸ ಸೈಕಲ್ಲಿನಿಂದ ಸಿಗುವುದಿಲ್ಲ. ನಡುವಯಸ್ಸು ದಾಟಿದವರು ಇದನ್ನು ದಯವಿಟ್ಟು ಮನಸ್ಸಿಗೆ ತೆಗೆದುಕೊಳ್ಳಿ.

ಈಗ ಮುಖ್ಯ ಪ್ರಶ್ನೆ, ಎರಡನ್ನೂ ಹೊಂದಿಸುವುದು ಹೇಗೆ? ಸ್ಪರ್ಧಿಗೆ ಸುಸ್ತಾದರೆ ಸವಾರಿ ಬಿಡಬಹುದು. ಕೆಲಸಕ್ಕೆ ಹೋಗುವವರು ಬಿಡುವ ಹಾಗಿಲ್ಲ. ದೂರ ನಮ್ಮ ಕೈಯಲ್ಲಿಲ್ಲ. ವೇಗ ಮಾತ್ರ ಪೂರ್ತಿ ನಮ್ಮ ಕೈಯಲ್ಲಿದೆ.

ಗಾಳಿಯನ್ನು ಸೀಳಿಕೊಂಡು ಹೋಗಲು ಬೇಕಾಗುವ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡರಷ್ಟಾದರೆ ಗಾಳಿಗೆ ಕೊಡಬೇಕಾದ ಶಕ್ತಿ ಎಂಟರಷ್ಟು. ಗಂಟೆಗೆ 30 ಕಿಲೋಮೀಟರ್ ವೇಗವನ್ನು 25ಕ್ಕೆ ಇಳಿಸಿದರೆ ಆ ಶಕ್ತಿ ನೂರಕ್ಕೆ 40ಕ್ಕಿಂತ ಹೆಚ್ಚು ಕಡಿಮೆಯಾಗುತ್ತದೆ. ನನ್ನ 22 ಕಿಲೋಮೀಟರಿಗೆ ಇದನ್ನು ಹಾಕಿ ನೋಡಿದೆ. 30ರ ವೇಗದಲ್ಲಿ 44 ನಿಮಿಷ. 25ರ ವೇಗದಲ್ಲಿ 53 ನಿಮಿಷ. ಒಂಬತ್ತು ನಿಮಿಷ ಬೇಗ ಎದ್ದರೆ ಕಾಲು ಉಳಿಯುತ್ತದೆ. ನಾನು ಅಲಾರಂ ಹತ್ತು ನಿಮಿಷ ಹಿಂದಕ್ಕೆ ಇಟ್ಟೆ. ಜಿಮ್ಮಿನಲ್ಲಿ ಮಾಡಿದ ಯಾವ ಬದಲಾವಣೆಗಿಂತಲೂ ಇದು ನನಗೆ ಹೆಚ್ಚು ಕೊಟ್ಟಿತು.

ಮೀಟರ್ ಇಲ್ಲದವರಿಗೆ ಮಾತೇ ಅಳತೆ. ತುಳಿಯುತ್ತಾ ಒಂದು ಪೂರ್ತಿ ವಾಕ್ಯ ತಡೆಯಿಲ್ಲದೆ ಹೇಳಲು ಆಗಬೇಕು. ಮಧ್ಯೆ ಉಸಿರು ಎಳೆದುಕೊಳ್ಳಬೇಕಾದರೆ ವೇಗ ಜಾಸ್ತಿಯಾಯಿತು ಅಂತ ತಿಳಿಯಿರಿ. ಎದುರುಗಾಳಿ ಬಂದಾಗ ಗೇರ್ ಇಳಿಸಿ. ಏರಿನಲ್ಲೂ ಅಷ್ಟೇ. ಪಕ್ಕದಲ್ಲಿ ಯಾರೋ ಮುಂದೆ ಹೋದರೆ ಹೋಗಲಿ ಬಿಡಿ.

ಗೇರಿನ ವಿಷಯದಲ್ಲಿ ನಾನು ಒಂದು ತಪ್ಪು ಮಾಡಿ ನೋವು ತಿಂದಿದ್ದೇನೆ. ಗಟ್ಟಿ ಗೇರ್ ಹಾಕಿ ತುಳಿದರೆ ಅದೂ ಬಲದ ಕಸರತ್ತೇ ಆಗುತ್ತದೆ ಅಂತ ನಂಬಿದ್ದೆ. ಸ್ಕ್ವಾಟ್ ಮಾಡಿದ ಮರುದಿನವೂ ಹಾಗೇ ತುಳಿದೆ. ಮೂರನೆಯ ವಾರಕ್ಕೆ ಮಂಡಿಚಿಪ್ಪಿನ ಕೆಳಗೆ, ಬೆರಳಿಟ್ಟು ತೋರಿಸುವಂಥ ಜಾಗದಲ್ಲಿ ನೋವು. ಮೆಟ್ಟಿಲು ಇಳಿಯುವಾಗ ಚುಚ್ಚುತ್ತಿತ್ತು. ಎಷ್ಟೇ ಗಟ್ಟಿ ಗೇರ್ ಆದರೂ ಪೆಡಲ್ಲಿನ ಮೇಲೆ ಬೀಳುವ ಬಲ ದೊಡ್ಡ ಸ್ಕ್ವಾಟಿನ ಹತ್ತಿರಕ್ಕೂ ಬರುವುದಿಲ್ಲ. ಆದರೆ ಅದು ಗಂಟೆಗೆ ಸಾವಿರಾರು ಸಲ ಮಂಡಿಯ ಮೇಲೆ ಬೀಳುತ್ತದೆ. ಬಲ ಬರದೆ ಬರೀ ಸವೆತ ಆಯಿತು. ಈಗ ಹಗುರ ಗೇರಿನಲ್ಲಿ, ನಿಮಿಷಕ್ಕೆ 80ರಿಂದ 90 ಸುತ್ತು ತಿರುಗಿಸುತ್ತೇನೆ. ಸೀಟಿನ ಎತ್ತರವನ್ನೂ ನೋಡಿಕೊಳ್ಳಿ. ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟಾಗ, ಪೆಡಲ್ ಪೂರ್ತಿ ಕೆಳಗಿದ್ದರೆ ಕಾಲು ನೇರವಾಗಬೇಕು. ಸೀಟು ತೀರಾ ತಗ್ಗಾದರೆ ಮಂಡಿ ಅತಿಯಾಗಿ ಮಡಚುತ್ತದೆ.

ಜಿಮ್ಮಿನ ಕೆಲಸ ಚಿಕ್ಕದಾಗಿರಲಿ, ಭಾರವಾಗಿರಲಿ. ನಾಲ್ಕೈದು ವ್ಯಾಯಾಮ ಸಾಕು. ಸ್ಕ್ವಾಟ್, ಡೆಡ್‌ಲಿಫ್ಟ್ (ನೆಲದ ಮೇಲಿನ ಬಾರನ್ನು ಬಗ್ಗಿ ಹಿಡಿದು ಎತ್ತಿ ನೆಟ್ಟಗೆ ನಿಲ್ಲುವುದು), ಕೈಯಿಂದ ಒಂದು ತಳ್ಳುವುದು, ಒಂದು ಎಳೆಯುವುದು. ಮೂರು ಸೆಟ್, ಅಂದರೆ ಮೂರು ಸರದಿ, ಸೆಟ್ಟಿಗೆ ನಾಲ್ಕೈದು ಸಲ, ಮಧ್ಯೆ ಮೂರು ನಿಮಿಷ ವಿಶ್ರಾಂತಿ. ಇನ್ನೂ ಒಂದೆರಡು ಸಲ ಎತ್ತಬಹುದು ಅನ್ನುವಾಗಲೇ ಬಾರನ್ನು ಇಡಿ. ಹಗುರ ಭಾರದಲ್ಲಿ ಇಪ್ಪತ್ತು ಮೂವತ್ತು ಸಲ ಕೂತೇಳುವುದು ನಮಗೆ ಬೇಡ. ಕಾಲಿಗೆ ಆ ಬಗೆಯ ಕೆಲಸವನ್ನು ಸೈಕಲ್ ದಿನಾ ಕೊಡುತ್ತಿದೆ.

ಡೆಡ್‌ಲಿಫ್ಟ್ ಬಗ್ಗೆ ಸ್ವಲ್ಪ ಎಚ್ಚರ. ಹ್ಯಾಂಡಲ್ ಹಿಡಿದು ಬಗ್ಗಿ ಕೂತು ದಿನಕ್ಕೆ ಎರಡು ಗಂಟೆ ಕಳೆಯುವವರ ಸೊಂಟ ಮೊದಲೇ ದಣಿದಿರುತ್ತದೆ. ನಾನು ಬಿಸಿಯಾಗಲು ಎರಡು ಹಗುರ ಸೆಟ್ ಮಾಡಿ, ಒಂದೇ ಒಂದು ಭಾರದ ಸೆಟ್ ಎತ್ತುತ್ತೇನೆ. ಬೆನ್ನಿಗೆ ಚೀಲ ಹಾಕಿಕೊಳ್ಳುವುದನ್ನು ಬಿಟ್ಟು ಕ್ಯಾರಿಯರಿಗೆ ಕಟ್ಟಿದ ಮೇಲೆ ಸೊಂಟಕ್ಕೆ ಎಷ್ಟು ಹಾಯಾಯಿತು ಅಂದರೆ, ಮೊದಲೇ ಯಾಕೆ ಮಾಡಲಿಲ್ಲ ಅನ್ನಿಸಿತು.

ದಿನಗಳನ್ನು ಹೀಗೆ ಹಂಚಿಕೊಳ್ಳಬಹುದು. ಬೆಳಿಗ್ಗೆ ಸವಾರಿ, ಕೆಲಸ, ಸಂಜೆ ಜಿಮ್, ಆಮೇಲೆ ಮನೆಗೆ. ಬೆಳಗಿನ ಸವಾರಿಗೂ ಬಾರಿಗೂ ನಡುವೆ ಏಳೆಂಟು ಗಂಟೆ ಸಿಗುತ್ತದೆ. ಕಾಲು ಚೇತರಿಸಿಕೊಳ್ಳಲು ಅಷ್ಟು ಹೊತ್ತು ಒಳ್ಳೆಯದು. ಜಿಮ್ಮಿನ ದಿನಗಳಲ್ಲಿ ಕಾಲಿನ ಕೆಲಸಕ್ಕೆ ಇಟ್ಟ ಎರಡರಲ್ಲಿ ಹೆಚ್ಚು ಭಾರದ ದಿನವನ್ನು ವಾರದ ಕೊನೆಯ ಕೆಲಸದ ದಿನಕ್ಕೆ ಇಡಿ. ಭಾರ ಎತ್ತಿದ ನೋವು ಮರುದಿನದಿಂದ ಮೂರನೆಯ ದಿನದವರೆಗೆ ಜಾಸ್ತಿ ಇರುತ್ತದೆ. ಆ ಹೊತ್ತಿಗೆ ರಜೆ ಬಂದಿರುತ್ತದೆ. ಸ್ಕ್ವಾಟ್ ಮುಗಿಸಿ ಮನೆಗೆ ತುಳಿಯುವ ಮೊದಲ ಹತ್ತು ನಿಮಿಷ ಕಾಲು ಮರದ ದಿಮ್ಮಿಯ ಹಾಗಿರುತ್ತದೆ. ಸಿಗ್ನಲ್ಲಿನಲ್ಲಿ ಕಾಲು ಕೆಳಗಿಟ್ಟಾಗ ಮಂಡಿ ನಡುಗುತ್ತದೆ. ಆವತ್ತು ವಾಹನಗಳ ಮಧ್ಯೆ ನುಗ್ಗುವುದು ಬೇಡ, ಇಳಿಜಾರಿನಲ್ಲಿ ವೇಗವೂ ಬೇಡ. ಸಾಧ್ಯವಿದ್ದರೆ ಸದ್ದಿಲ್ಲದ ಒಳದಾರಿ ಹಿಡಿಯಿರಿ.

ಊಟದ ಮಾತಿಗೆ ಬರುತ್ತೇನೆ. 70 ಕಿಲೋ ತೂಕದವರು ಸಾಧಾರಣ ವೇಗದಲ್ಲಿ ಒಂದು ಗಂಟೆ ತುಳಿದರೆ ಸುಮಾರು 500 ಕ್ಯಾಲರಿ ಖರ್ಚು. ಹೋಗಿ ಬಂದರೆ ಹತ್ತಿರ ಹತ್ತಿರ 1000. ಜಿಮ್ಮಿಗೆ ಮಾತ್ರ ಹೋಗುವ ಗೆಳೆಯರು ಉಣ್ಣುವಷ್ಟೇ ನಾವೂ ಉಂಡರೆ ಸಾಲುವುದಿಲ್ಲ. ಸ್ನಾಯುವಿನೊಳಗೆ ಕೂಡಿಟ್ಟ ಪಿಷ್ಟ ಬೆಳಗಿನ ಸವಾರಿಯಲ್ಲೇ ಅಷ್ಟಿಷ್ಟು ಖಾಲಿಯಾಗಿರುತ್ತದೆ. ಅದನ್ನು ಮಧ್ಯಾಹ್ನ ತುಂಬಿಸದೆ ಬಾರಿನ ಕೆಳಗೆ ನಿಂತರೆ ನನ್ನ ಬುಧವಾರವೇ ಗತಿ. ಹೊಟ್ಟೆ ತುಂಬ ಊಟ, ಜಿಮ್ಮಿಗೆ ಒಂದು ಗಂಟೆ ಮೊದಲು ಒಂದೆರಡು ಬಾಳೆಹಣ್ಣು, ಇಷ್ಟರಿಂದಲೇ ವ್ಯತ್ಯಾಸ ಗೊತ್ತಾಗುತ್ತದೆ. ಪ್ರೋಟೀನ್ ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 1.6 ಗ್ರಾಂ ಅನ್ನುವುದು ಒಳ್ಳೆಯ ಗುರಿ, 70 ಕಿಲೋದವರಿಗೆ 112 ಗ್ರಾಂ. ನಿದ್ದೆಯನ್ನಂತೂ ಕದಿಯಬೇಡಿ. ಬೆಳಿಗ್ಗೆ ಹತ್ತು ನಿಮಿಷ ಬೇಗ ಏಳುವವರು ರಾತ್ರಿ ಅಷ್ಟೇ ಬೇಗ ಮಲಗಬೇಕು.

ಮಳೆ, ಗಾಳಿ, ಕೆಲಸದ ಒತ್ತಡ ಎಲ್ಲ ಒಟ್ಟಿಗೆ ಬರುವ ವಾರಗಳಿರುತ್ತವೆ. ಆಗ ಜಿಮ್ ಕಡಿಮೆ ಮಾಡಿ, ಬೇಸರ ಮಾಡಿಕೊಳ್ಳಬೇಡಿ. ಗಳಿಸಿದ ಬಲವನ್ನು ವಾರಕ್ಕೆ ಒಂದೇ ದಿನದ ಭಾರದಿಂದ ತಿಂಗಳುಗಟ್ಟಲೆ ಉಳಿಸಿಕೊಳ್ಳಬಹುದು ಅಂತ ಆ ನಾರ್ವೆಯವರೇ ಸೈಕಲ್ ಸ್ಪರ್ಧಿಗಳ ಮೇಲೆ ನೋಡಿ ತೋರಿಸಿದ್ದಾರೆ. ಒಂದು ದಿನ ಬಸ್ಸು ಹತ್ತಿದರೂ ಏನೂ ನಷ್ಟವಿಲ್ಲ. ಮೂರು ವಾರ ಏರಿಸಿ ನಾಲ್ಕನೆಯ ವಾರ ಭಾರ ಇಳಿಸುವುದು ನನಗೆ ಸರಿಹೊಂದಿದೆ.

ಆ ಬುಧವಾರ ಅರ್ಧದಲ್ಲಿ ನಿಂತ ಭಾರ ಈಗ ನನಗೆ ಬಿಸಿಯಾಗಲು ಮಾಡುವ ಕೊನೆಯ ಸೆಟ್. ದಾರಿ ಅದೇ 22 ಕಿಲೋಮೀಟರ್. ನಾಳೆ ಮತ್ತೆ ಸ್ಕ್ವಾಟ್ ಇದೆ, ಹಾಗಾಗಿ ಬೆಳಿಗ್ಗೆ 53 ನಿಮಿಷ ಹಿಡಿಯುತ್ತದೆ.

ನಮಸ್ಕಾರ.