ಎಣ್ಣೆ ಕುಡಿದ ಬೆಂಚು

ವೇದಿಕೆಯ ಮೇಲಿರುವ ಹಿರಿಯರೇ, ಮಳೆ ಬಂದರೂ ಗಾಡಿಯನ್ನು ಮನೆಯಲ್ಲಿ ಬಿಡದೆ ಓಡಿಸಿಕೊಂಡೇ ಬಂದಿರುವ ಗೆಳೆಯರೇ,

ಜುಲೈ ತಿಂಗಳ ಎರಡನೆಯ ಭಾನುವಾರ, ಅಂದರೆ ಜಾವಾ ಯೆಜ್ಡಿ ದಿನ, ಆ ಹಳೆಯ ಬೈಕುಗಳ ಹುಚ್ಚು ಹತ್ತಿದ ನಮ್ಮಂಥವರಿಗೆ ಹೊಗೆಯ ಹಬ್ಬ. ಬೆಳಿಗ್ಗೆ ಆಟೋದಲ್ಲಿ ಬರುವಾಗ ಅರ್ಧ ಮೈಲಿ ಆಚೆಯೇ ಪೆಟ್ರೋಲಿಗೆ ಬೆರೆಸುವ ಟೂ ಸ್ಟ್ರೋಕ್ ಎಣ್ಣೆ ಸುಟ್ಟ ವಾಸನೆ ಬಂತು. ನನ್ನ ಮೊಮ್ಮಗಳು ಮೂಗು ಮುಚ್ಚಿಕೊಂಡಳು. ನಾನು ಇನ್ನೊಮ್ಮೆ ಉಸಿರೆಳೆದುಕೊಂಡೆ. ಇದು ತಪ್ಪು ಎಂದು ಡಾಕ್ಟರು ಹೇಳಿದ್ದಾರೆ, ಆ ಮಾತು ಬೇರೆ.

ನನಗೆ ಮೊದಲು ಮಾತನಾಡಿದವರು ಕಾರ್ಖಾನೆಯ ಚರಿತ್ರೆಯನ್ನು ಹೇಳಿದ್ದಾರೆ. ಅದು ಈ ಸಭೆಗೆ ಬಾಯಿಪಾಠ. 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಮೊದಲ ಜಾವಾ ಬೈಕು ಹೊರಬಂದದ್ದು, ಆಮೇಲೆ ಇರಾನಿನ ಯಜ್ದ್ ಊರಿನ ಹೆಸರು ಹೊತ್ತು ಅದು ಯೆಜ್ಡಿಯಾದದ್ದು, 1996ರಲ್ಲಿ ಬಾಗಿಲು ಹಾಕಿದ್ದು, ಇದನ್ನೆಲ್ಲ ನಿಮ್ಮಲ್ಲಿ ಯಾರನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೀರಿ. ನಾನು ಆ ಕಡೆ ಹೋಗುವುದಿಲ್ಲ. ನಾನು ಬಂದಿರುವುದು ಒಂದು ಬೆಂಚಿನ ವಿಷಯ ಮಾತನಾಡಲು. ನಮ್ಮ ಬೀದಿಯ ಬೈಕ್ ರಿಪೇರಿ ಮೇಸ್ತ್ರಿಯ ಶೆಡ್ಡು ಈ ಮಾರ್ಚ್ ತಿಂಗಳಲ್ಲಿ ಮುಚ್ಚಿತು. ಅಂದಿನಿಂದ ಯಾರು ಸಿಕ್ಕರೂ ಇದೇ ಮಾತು ತೆಗೆಯುತ್ತಿದ್ದೇನೆ ಎಂದು ಮನೆಯಲ್ಲಿ ನನ್ನ ಮೇಲೆ ದೂರು ಇದೆ. ಇಲ್ಲಿ ಮೈಕು ಕೊಟ್ಟಿದ್ದಾರೆ, ಬಿಡುತ್ತೇನೆಯೇ?

ನಾನು ಗಣಿತದ ಮೇಷ್ಟ್ರು. ನಲವತ್ತು ನಿಮಿಷವೆಂದರೆ ಒಂದು ಪೀರಿಯಡ್. ಮೂರು ಭಾಗ ಮಾಡಿಕೊಂಡಿದ್ದೇನೆ: ಆ ಅಂಗಡಿ ಏನಾಗಿತ್ತು, ಏಕೆ ಮುಚ್ಚಿತು, ಇನ್ನು ಏನು ಮಾಡಬಹುದು. ಮೂರನೆಯದಕ್ಕೆ ಹೆಚ್ಚು ಸಮಯ ಕೊಡಬೇಕೆಂದು ಚೀಟಿಯಲ್ಲಿ ಕೆಂಪು ಗೆರೆ ಎಳೆದುಕೊಂಡು ಬಂದಿದ್ದೇನೆ.

ಶೆಡ್ಡು ಎಂದರೆ ನಿಮ್ಮ ಕಣ್ಣಿಗೆ ಕಟ್ಟುತ್ತದೆ. ತಗಡಿನ ಮಾಡು, ಮುಂದೆ ಒಂದು ಹೊಂಗೆಮರ, ಹಾರ್ಲಿಕ್ಸ್ ಬಾಟಲಿಗಳಲ್ಲಿ ನಟ್ಟು ಬೋಲ್ಟು, ಅಗಲವಾದ ತಟ್ಟೆಯಲ್ಲಿ ಸೀಮೆಎಣ್ಣೆ. ಗೋಡೆಗೆ ಸಾಲಾಗಿ ಮೊಳೆ ಹೊಡೆದು ಸ್ಪ್ಯಾನರ್ ನೇತುಹಾಕಿರುತ್ತಿದ್ದರು. ಎಷ್ಟೋ ವರ್ಷ ಅಲ್ಲೇ ತೂಗಾಡಿ ಪ್ರತಿಯೊಂದರ ಹಿಂದೆಯೂ ಅದರದೇ ಆಕಾರದ ಮಸಿ ಬಿದ್ದಿತ್ತು. ಯಾರಾದರೂ ಹದಿನಾಲ್ಕರ ಸ್ಪ್ಯಾನರ್ ಒಯ್ದು ಕೊಡಲು ಮರೆತರೆ ಗೋಡೆಯೇ ಅದನ್ನು ಹೇಳುತ್ತಿತ್ತು. ಬೋರ್ಡು ಇರಲಿಲ್ಲ. ಬೋರ್ಡು ಬೇಕಾದದ್ದು ಗೊತ್ತಿಲ್ಲದವರಿಗೆ, ಗೊತ್ತಿಲ್ಲದವರು ಅಲ್ಲಿಗೆ ಬರುತ್ತಲೇ ಇರಲಿಲ್ಲ.

ಇಷ್ಟರ ನಡುವೆ ಒಂದು ಬೆಂಚು. ಆರಡಿ ಉದ್ದದ ಮತ್ತಿ ಹಲಗೆ, ನಾಲ್ಕು ಕಾಲು, ಒಂದು ಕಾಲಿಗೆ ಹಳೆಯ ಟೈರಿನ ತುಂಡಿನ ಒತ್ತು. ಎಣ್ಣೆ ಕುಡಿದು ಕುಡಿದು ಕಪ್ಪಾಗಿತ್ತು. ಎಣ್ಣೆ ಎಂದರೆ ಟೂ ಸ್ಟ್ರೋಕ್ ಎಣ್ಣೆ. ಹಿಂದಿನ ಸಾಲಿನವರು ನಗಬೇಡಿ.

ಆ ಬೆಂಚು ಎಲ್ಲಿತ್ತು ಎಂಬುದೇ ನನ್ನ ಇಡೀ ವಾದ. ಅದು ಕೆಲಸ ನಡೆಯುವ ಜಾಗದಿಂದ ಒಂದು ಮೊಳ ದೂರದಲ್ಲಿತ್ತು. ಗಾಡಿಯ ಯಜಮಾನ ಅಲ್ಲಿ ಕೂರುತ್ತಿದ್ದ, ಟಾರ್ಚು ಹಿಡಿಯುತ್ತಿದ್ದ, ಕೇಳಿದ ಸ್ಪ್ಯಾನರ್ ಎತ್ತಿಕೊಡುತ್ತಿದ್ದ. ಮೇಸ್ತ್ರಿ ಬಿಚ್ಚಿ ತೆಗೆದ ಸವೆದ ಸಾಮಾನನ್ನು ನೇರವಾಗಿ ಅವನ ಅಂಗೈಯಲ್ಲಿ ಇಡುತ್ತಿದ್ದರು. 'ನೋಡಿ ಸ್ವಾಮಿ, ಪಾಯಿಂಟು ಹೇಗೆ ಗುಳಿ ಬಿದ್ದಿದೆ.' ನೀವು ನೋಡುತ್ತಿದ್ದಿರಿ, ಉಗುರಿನಿಂದ ಕೆರೆಯುತ್ತಿದ್ದಿರಿ, ಒಪ್ಪುತ್ತಿದ್ದಿರಿ. ಪ್ಲಗ್ಗಿಗೆ ಕಿಡಿ ಕೊಡಿಸಲು ತೆರೆದು ಮುಚ್ಚುವ ಆ ಲೋಹದ ಪಾಯಿಂಟುಗಳ ನಡುವಿನ ಸಂದು ಅರ್ಧ ಮಿಲಿಮೀಟರಿಗಿಂತ ಕಡಿಮೆ ಇರಬೇಕು ಎಂದು ನನಗೆ ಯಾವ ಪುಸ್ತಕವೂ ಕಲಿಸಲಿಲ್ಲ, ಆ ಬೆಂಚು ಕಲಿಸಿತು. ಮೂರು ತಿಂಗಳಲ್ಲಿ ಗಿರಾಕಿಯೇ ಪಾಯಿಂಟು ಉಜ್ಜಿಕೊಳ್ಳುವುದನ್ನು ಕಲಿತು, ಆ ಕೆಲಸಕ್ಕೆ ಬರುವುದನ್ನೇ ಬಿಡುತ್ತಿದ್ದ. ಇದು ಎಂಥ ವ್ಯಾಪಾರ ಎಂದು ಯೋಚನೆ ಮಾಡಿ.

ಇಂದಿನ ಸರ್ವಿಸ್ ಸೆಂಟರಿನಲ್ಲಿ ಸೋಫಾ ಇದೆ, ಟೀವಿ ಇದೆ, ಕಾಫಿ ಯಂತ್ರ ಇದೆ. ಗಾಡಿ ಮಾತ್ರ ಗಾಜಿನ ಗೋಡೆಯ ಆಚೆ ಇದೆ. ಸಂಜೆ ತೊಳೆದು ನಿಲ್ಲಿಸಿದ ಗಾಡಿ, ಜೊತೆಗೆ ಎರಡು ಪುಟದ ಬಿಲ್ಲು. ನಾನು ಕೇಳುವುದು ಒಂದೇ ಪ್ರಶ್ನೆ: ಬೆಂಚು ಎಲ್ಲಿ?

ಈಗ ಜೋಳದ ದಿಂಡಿನ ಕಥೆ. ಹೋದ ವರ್ಷವೂ ಹೇಳಿದ್ದೆ ಎಂದು ಮುಂದಿನ ಸಾಲಿನವರು ಈಗಲೇ ನಗುತ್ತಿದ್ದಾರೆ. ಗೊತ್ತು. ಹೊಸಬರಿಗಾಗಿ.

1984. ನನಗೆ ಮದುವೆಯಾಗಿ ಒಂದು ವರ್ಷ. ಹೆಂಡತಿಯ ಊರು ಹುಣಸೂರಿನ ಹತ್ತಿರ. ಮೂರು ದಿನ ಮಾವನ ಮನೆಯಲ್ಲಿ ಉಂಡು ಮಲಗಿ, ಭಾನುವಾರ ಸಂಜೆ ಇಬ್ಬರೂ ಯೆಜ್ಡಿಯಲ್ಲಿ ಹೊರಟೆವು. ಗಾಡಿ ಏಳುತ್ತಿಲ್ಲ. ಥ್ರಾಟಲ್ ತಿರುವಿದರೆ ಗುಂಯ್ ಎನ್ನುತ್ತದೆ, ಮುಂದೆ ಹೋಗುವುದಿಲ್ಲ. ಬಿಳಿಕೆರೆ ದಾಟುವಷ್ಟರಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡ ಸೈಕಲ್ಲಿನವರೆಲ್ಲ ನಮ್ಮನ್ನು ಹಿಂದೆ ಹಾಕಿ ಹೋದರು. ಅವರಲ್ಲಿ ಒಬ್ಬ ತಿರುಗಿ ನೋಡಿ ನಕ್ಕ. ಹೊಸ ಹೆಂಡತಿ ಹಿಂದೆ ಕೂತಿರುವಾಗ ಸೈಕಲ್ಲಿನವನು ನಕ್ಕರೆ ಏನಾಗುತ್ತದೆ ಎಂದು ಗಂಡಸರಿಗೆ ಗೊತ್ತು. ಇಲವಾಲದ ಹತ್ತಿರ ಅವಳೇ ಕೇಳಿದಳು, 'ಇಳಿದು ನಡೆಯಲೇ?'

ಮಾರನೆಯ ದಿನ ದೊಡ್ಡದೊಂದು ವರ್ಕ್‌ಶಾಪಿಗೆ ಒಯ್ದೆ. ಹೆಸರು ಬೇಡ. ಅಲ್ಲಿ ಕೂರಲು ಹೇಳಲಿಲ್ಲ, ಹೊರಗೆ ನಿಲ್ಲಲು ಹೇಳಿದರು. ಅರ್ಧ ಗಂಟೆಯ ಮೇಲೆ ಒಂದು ಕಾಗದ ಬಂತು: ಬೋರ್ ಹೊಡೆಸಬೇಕು, ಓವರ್ ಸೈಜ್ ಪಿಸ್ಟನ್, ರಿಂಗು, ಕ್ಲಚ್ ಪ್ಲೇಟು. ಒಟ್ಟು ಮೊತ್ತ ನನ್ನ ಸಂಬಳದ ನೆರೆಮನೆಯಲ್ಲಿತ್ತು. ಸಂಬಳ ಬರಲಿ ಎಂದು ಗಾಡಿಯನ್ನು ತಳ್ಳಿಕೊಂಡು ಬರುವಾಗ ದಾರಿಯಲ್ಲಿ ಮೇಸ್ತ್ರಿ ಕಂಡರು. 'ಯಾಕೆ ಸ್ವಾಮಿ, ವ್ಯಾಯಾಮವೇ?'

ಬೆಂಚಿನ ಮೇಲೆ ಕೂರಿಸಿದರು. ಎಂಜಿನ್ ಮುಟ್ಟಲಿಲ್ಲ. ಎಲ್ಲಿಗೆ ಹೋಗಿದ್ದಿರಿ ಎಂದರು. ಮಾವನ ಮನೆಗೆ ಎಂದೆ. ಎಷ್ಟು ದಿನ? ಮೂರು. ಗಾಡಿ ಎಲ್ಲಿ ನಿಲ್ಲಿಸಿದ್ದಿರಿ? ಕೊಟ್ಟಿಗೆಯ ಪಕ್ಕ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆಯೇ? ನನಗೆ ಸಿಟ್ಟು ಬಂತು. ಗಾಡಿ ಕೆಟ್ಟಿದೆ ಎಂದರೆ ಈ ಮನುಷ್ಯ ಜನಗಣತಿ ಮಾಡುತ್ತಿದ್ದಾರಲ್ಲ! ಆಮೇಲೆ ಕಿಕ್ ಹೊಡೆದು ಗಾಡಿ ಚಾಲೂ ಮಾಡಿದರು. ಕಿಕ್ ಹೊಡೆಯುವ ಲಿವರನ್ನೇ ಮುಂದಕ್ಕೆ ಮಡಚಿ ಗೇರ್ ಹಾಕುವ ಗಾಡಿ ಅದು, ಇದನ್ನು ನಿಮಗೇಕೆ ಹೇಳುತ್ತಿದ್ದೇನೆ! ಸಿಲಿಂಡರ್ ಒಂದೇ ಆದರೂ ಸೈಲೆನ್ಸರ್ ಎರಡು. ಮೇಸ್ತ್ರಿ ಗಾಡಿಯ ಹಿಂದೆ ಕುಕ್ಕರುಗಾಲಲ್ಲಿ ಕೂತು ಎರಡು ಸೈಲೆನ್ಸರಿನ ತುದಿಗೂ ಒಂದೊಂದು ಅಂಗೈ ಹಿಡಿದರು. ಕಣ್ಣು ಮುಚ್ಚಿಕೊಂಡರು. ಆಮೇಲೆ ನನ್ನನ್ನು ಕರೆದು ನನ್ನ ಕೈಗಳನ್ನೂ ಹಾಗೆಯೇ ಹಿಡಿಸಿದರು. ಎಡಗೈಗೆ ಬಿಸಿ ಗಾಳಿ ಬಡಿಯುತ್ತಿದೆ. ಬಲಗೈಗೆ ಏನೂ ಇಲ್ಲ.

'ಸ್ವಾಮಿ, ನಿಮ್ಮ ಗಾಡಿಗೆ ಮೂಗು ಕಟ್ಟಿದೆ. ಒಂದೇ ಹೊಳ್ಳೆಯಲ್ಲಿ ಉಸಿರಾಡುತ್ತಿದೆ.'

ತುದಿ ಬಗ್ಗಿಸಿದ ಕಂಬಿಯೊಂದನ್ನು ಒಳಗೆ ಬಿಟ್ಟು ತಿರುವಿ ಎಳೆದರು. ಮುಸುಕಿನ ಜೋಳದ ದಿಂಡು! ಅರ್ಧ ಸುಟ್ಟಿದೆ, ಪರಿಮಳ ಬರುತ್ತಿದೆ. ಅದನ್ನು ಬನಿಯನ್ ವೇಸ್ಟಿನಲ್ಲಿ ಒರೆಸಿ, ಸವೆದ ಸಾಮಾನನ್ನು ಇಡುವಂತೆಯೇ ಗಂಭೀರವಾಗಿ ನನ್ನ ಅಂಗೈಯಲ್ಲಿ ಇಟ್ಟು ಕೇಳಿದರು: 'ಇದು ಯಾವ ಕಂಪನಿಯ ಪಾರ್ಟು ಸ್ವಾಮಿ?'

ಬೆಂಚಿನ ಮೇಲಿದ್ದ ಆರು ಜನ ನಕ್ಕ ನಗು ಇನ್ನೂ ಕಿವಿಯಲ್ಲಿದೆ. ತುರುಕಿದವನು ನನ್ನ ಭಾವಮೈದುನನ ಮಗ, ಆರು ವರ್ಷದವನು. ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರಿನ ದೋಷ ಹುಡುಕುವ ಕೆಲಸದಲ್ಲಿದ್ದಾನೆ. ದೋಷ ತುರುಕುವುದರಲ್ಲಿ ಅನುಭವವಿತ್ತು, ಹುಡುಕುವುದೂ ಸುಲಭವಾಯಿತೇನೋ. ಮೇಸ್ತ್ರಿ ದುಡ್ಡು ತೆಗೆದುಕೊಳ್ಳಲಿಲ್ಲ. ಬೆಂಚಿನವರಿಗೆಲ್ಲ ಟೀ ಕುಡಿಸಿ ಎಂದರು. ಅವರನ್ನೂ ನನ್ನನ್ನೂ ಸೇರಿಸಿ ಎಂಟು ಟೀ. ಆ ದಿಂಡಿಗೆ ತಂತಿ ಕಟ್ಟಿ ಕ್ಯಾಲೆಂಡರಿನ ಪಕ್ಕ ನೇತುಹಾಕಿದರು. ಹೊಸ ಗಿರಾಕಿ ಬಂದಾಗಲೆಲ್ಲ ಅದೇನು ಎಂದು ಕೇಳುತ್ತಿದ್ದ, ನಾನು ಅಲ್ಲಿರಲಿ ಇಲ್ಲದಿರಲಿ ನನ್ನ ಮಾವನ ಮನೆಯ ಚರಿತ್ರೆ ಹರಿಯುತ್ತಿತ್ತು.

ಇಪ್ಪತ್ತು ನಿಮಿಷ ಆಯಿತೇ? ಸರಿ, ಎರಡನೆಯ ಭಾಗ.

1996ರಲ್ಲಿ ಕಾರ್ಖಾನೆ ಮುಚ್ಚಿದಾಗ ಈ ಗಾಡಿಗಳು ಎರಡು ಮೂರು ವರ್ಷದಲ್ಲಿ ಗುಜರಿ ಸೇರಬೇಕಿತ್ತು. ಸೇರಲಿಲ್ಲ. ಲೆಕ್ಕ ಮಾಡಿ: ಕಾರ್ಖಾನೆ ಗಾಡಿ ತಯಾರಿಸಿದ್ದು 35 ವರ್ಷ, ಅದು ನಿಂತ ಮೇಲೆ ಶೆಡ್ಡುಗಳು ಅವನ್ನು ಬದುಕಿಸಿದ್ದು ಹೆಚ್ಚು ಕಡಿಮೆ ಅಷ್ಟೇ ಕಾಲ. ಲೇತಿನವರು ಬುಷ್, ಅಂದರೆ ಸವೆದ ಕೀಲಿಗೆ ಹಾಕುವ ಲೋಹದ ಬಳೆ, ಕಡೆದುಕೊಟ್ಟರು. ಕ್ಲಚ್ ಪ್ಲೇಟಿಗೆ ಕಾರ್ಕ್ ಬಿಲ್ಲೆ ಕೂರಿಸುವವರು ಇದ್ದರು. ಸಿಗದ ಸಾಮಾನಿಗಾಗಿ ಮೇಸ್ತ್ರಿ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಹುಡುಕಿ ರಾತ್ರಿ ವಾಪಸಾಗುತ್ತಿದ್ದರು. ಹೊರಗೆ ಹೊಳೆಯುತ್ತಾ ನಿಂತಿರುವ ನಿಮ್ಮ ಗಾಡಿಗಳ ಟ್ಯಾಂಕಿನ ಮೇಲೆ ಕಂಪನಿಯ ಹೆಸರಿದೆ, ಸಂತೋಷ. ಒಳಗಿರುವ ಅರ್ಧ ಸಾಮಾನಿಗೆ ಮೈಸೂರಿನ ಗಲ್ಲಿಗಳ ಹೆಸರಿಡಬೇಕು.

ಮತ್ತೆ ಆ ಶೆಡ್ಡುಗಳು ಏಕೆ ಮುಚ್ಚಿದವು? 1985ರಲ್ಲಿ ಹೀರೋ ಹೋಂಡಾ ಬಂತು. ಪೆಟ್ರೋಲ್ ತುಂಬಿಸಿ, ಮುಚ್ಚಳ ಹಾಕಿ, ಮರೆತುಬಿಡಿ ಎಂಬ ಜಾಹೀರಾತು ನೆನಪಿದೆಯಲ್ಲ. ನಾವು ಮೇಸ್ತ್ರಿಯನ್ನೂ ಸೇರಿಸಿಯೇ ಮರೆತೆವು. ಹೊರಗೆ ಬಿಚ್ಚಿದರೆ ವಾರಂಟಿ ಹೋಗುತ್ತದೆ ಎಂಬ ಹೆದರಿಕೆ ಬಂತು. 2020ರ ಏಪ್ರಿಲ್ ಒಂದರಿಂದ ಗಾಡಿಯ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ. ಹೊಸ ಗಾಡಿಗಳಲ್ಲಿ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಹೋಗಿ ಕಂಪ್ಯೂಟರ್ ನಡೆಸುವ ಫ್ಯುಯೆಲ್ ಇಂಜೆಕ್ಷನ್ ಬಂತು. ಗಾಳಿ ಶುದ್ಧವಾಗಲಿ, ನನಗೆ ಜಗಳವಿಲ್ಲ. ಮೊಮ್ಮಗಳ ಮೂಗು ನನ್ನ ಮೂಗಿಗಿಂತ ಮುಖ್ಯ. ಆದರೆ ಕಾಯಿಲೆ ಏನೆಂದು ಗಾಡಿ ಈಗ ಕಿವಿಗೆ ಹೇಳುವುದಿಲ್ಲ, ಅಂಗೈಗೂ ಹೇಳುವುದಿಲ್ಲ, ತಂತಿ ಚುಚ್ಚಿದ ಯಂತ್ರಕ್ಕೆ ಮಾತ್ರ ಹೇಳುತ್ತದೆ. ಆ ಯಂತ್ರ ಶೆಡ್ಡಿನವನಿಗೂ ಕೈಗೆಟಕುವ ಬೆಲೆಗೆ ಸಿಗಬೇಕು ಎಂಬುದೇ ನನ್ನ ಬೇಡಿಕೆ. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕು ಎಂದು ಸಮಿತಿ ಮಾಡಿತು, ವಾಹನಗಳನ್ನೂ ಅದರಲ್ಲಿ ಸೇರಿಸಿತು. ರಿಪೇರಿಯ ಹಕ್ಕು ಎಂದರೆ ನನ್ನ ಭಾಷೆಯಲ್ಲಿ ಬೆಂಚಿನ ಹಕ್ಕು. ನೋಡುವ ಹಕ್ಕು, ಸವೆದದ್ದನ್ನು ಕೈಯಲ್ಲಿ ಹಿಡಿದು 'ಇದು ಇನ್ನೂ ಆರು ತಿಂಗಳು ಓಡುತ್ತದೆ' ಎನ್ನುವ ಹಕ್ಕು.

ಇಷ್ಟು ಹೇಳಿ ನಾನು ಒಳ್ಳೆಯವನಾಗಿಬಿಡುವುದು ಸುಲಭ. ನಿಜ ಹೇಳುತ್ತೇನೆ. ಕೊನೆಯ ಹತ್ತು ವರ್ಷ ನಾನು ಆ ಶೆಡ್ಡಿಗೆ ಹೋಗುತ್ತಿದ್ದದ್ದು ಮಾತನಾಡಲು. ವರ್ಷಕ್ಕೊಂದು ಪ್ಲಗ್ಗು, ಒಂದು ಕೇಬಲ್ಲು, ಅಷ್ಟೇ ನನ್ನಿಂದ ಅವರಿಗೆ ಆದ ವ್ಯಾಪಾರ. ನನ್ನಂಥವರು ಬೆಂಚಿನ ತುಂಬ ಇದ್ದೆವು, ಗಾಡಿ ನಿಲ್ಲಿಸುವ ಜಾಗ ಖಾಲಿ ಇತ್ತು. ಬಾಡಿಗೆ ಕಟ್ಟಲು ನೆನಪುಗಳು ಸಾಲುವುದಿಲ್ಲ.

ಇನ್ನೊಂದು ಮಾತು, ಕಹಿಯಾದದ್ದು. ಆ ಶೆಡ್ಡಿನಲ್ಲಿ ಸೀಮೆಎಣ್ಣೆಯ ತಟ್ಟೆಗೆ ಕೈ ಅದ್ದಿ ಕೂತಿರುತ್ತಿದ್ದ ಹುಡುಗನಿಗೆ ಹನ್ನೊಂದೋ ಹನ್ನೆರಡೋ ವರ್ಷ. ನಾನು ಶಾಲೆಯಲ್ಲಿ ಮಕ್ಕಳಿಗೆ ಭಿನ್ನರಾಶಿ ಕಲಿಸಿ, ಸಂಜೆ ಬಂದು ಅದೇ ವಯಸ್ಸಿನ ಹುಡುಗನಿಂದ ಟೀ ತರಿಸಿಕೊಂಡಿದ್ದೇನೆ. ಒಂದು ದಿನವೂ ನೀನು ಯಾಕೆ ಶಾಲೆಗೆ ಬರುವುದಿಲ್ಲ ಎಂದು ಕೇಳಲಿಲ್ಲ. ಬಾಲಕಾರ್ಮಿಕರ ಕಾಯ್ದೆ 1986ರಲ್ಲಿ ಬಂತು, 2016ರ ತಿದ್ದುಪಡಿಯಲ್ಲಿ ಹದಿನಾಲ್ಕಕ್ಕಿಂತ ಚಿಕ್ಕವರನ್ನು ಇಂಥ ಕೆಲಸಕ್ಕೆ ಇಟ್ಟುಕೊಳ್ಳುವುದು ಪೂರ್ತಿ ನಿಷೇಧವಾಯಿತು. ಶೆಡ್ಡಿನ ಕಸುಬು ಮುಂದಿನವರಿಗೆ ದಾಟುತ್ತಿದ್ದದ್ದು ಹಾಗೆಯೇ, ಬಾಲ್ಯವನ್ನು ಸುಟ್ಟುಕೊಂಡು. ಆ ಬಾಗಿಲು ಮುಚ್ಚಿದ್ದಕ್ಕೆ ನಾನು ಅಳುವುದಿಲ್ಲ.

ಈ ಭಾಷಣವನ್ನು ಮನೆಯಲ್ಲಿ ಓದಿ ಹೇಳಿದಾಗ ನನ್ನ ಹೆಂಡತಿ ಕೇಳಿದಳು: 'ಎಲ್ಲರ ಬೆಂಚು ಎನ್ನುತ್ತೀರಲ್ಲ, ನಾನು ಯಾವತ್ತು ಅದರ ಮೇಲೆ ಕೂತಿದ್ದೆ?' ನಿಜ. ಅವಳು ಹೊಂಗೆಮರದ ಕೆಳಗೆ ತರಕಾರಿ ಚೀಲ ಹಿಡಿದು ನಿಂತಿರುತ್ತಿದ್ದಳು. ನನ್ನ ಬಳಿ ಉತ್ತರವಿರಲಿಲ್ಲ, ಈಗಲೂ ಇಲ್ಲ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಕೆಂಪು ಗೆರೆಯ ಮೂರನೆಯ ಭಾಗಕ್ಕೆ ಬಂದಾಗಲೇ ಗಂಟೆ ಹೊಡೆಯುವುದು ಮೇಷ್ಟ್ರುಗಳ ಹಣೆಬರಹ. ಎರಡೇ ವಿಷಯ. ನಿಮ್ಮ ಮೊಬೈಲ್‌ನಲ್ಲಿ ಗಾಡಿಯ ಫೋಟೋ ಸಾವಿರ ಇವೆ, ಮೇಸ್ತ್ರಿಯ ಕೈ ಕೆಲಸ ಮಾಡುವ ವಿಡಿಯೋ ಒಂದಾದರೂ ಇದೆಯೇ? ಮಾಡಿಕೊಳ್ಳಿ, ಅವರು ಇರುವಾಗಲೇ. ಕೆಲಸ ಮಾಡಿಸಿದರೆ ಕೇಳಿದಷ್ಟು ದುಡ್ಡು ಕೊಡಿ, ಚೌಕಾಸಿ ಬೇಡ.

ನಮ್ಮ ಮೇಸ್ತ್ರಿ ಅಂಗಡಿ ಮುಚ್ಚಿದ್ದಕ್ಕೆ ನಾನು ಹೇಳಿದ ಕಾರಣಗಳಲ್ಲಿ ಒಂದನ್ನೂ ಕೊಡಲಿಲ್ಲ. ನಲವತ್ತೈದು ವರ್ಷ ಕುಕ್ಕರುಗಾಲಲ್ಲಿ ಕೂತ ಮಂಡಿ. 'ಮಂಡಿಗೂ ಹೊಸ ಬುಷ್ ಹಾಕುತ್ತಾರಂತೆ ಸ್ವಾಮಿ, ಆದರೆ ಲೇತಿನವನ ರೇಟಿಗಲ್ಲ' ಎಂದರು. ಸಾಮಾನನ್ನೆಲ್ಲ ಗುಜರಿಯವನಿಗೆ ತೂಕಕ್ಕೆ ಕೊಟ್ಟರು. ಬೆಂಚು ಯಾರಿಗೂ ಬೇಡವಾಗಿತ್ತು, ನಾನು ತಂದುಕೊಂಡೆ. ಮನೆಯೊಳಗೆ ಬಿಡಲಿಲ್ಲ, ಆದ್ದರಿಂದ ಇಲ್ಲಿಗೆ ತಂದಿದ್ದೇನೆ. ಹೊರಗೆ ಶಾಮಿಯಾನದ ಕೆಳಗೆ ಇದೆ.

ಮೇಸ್ತ್ರಿಯೂ ಬಂದಿದ್ದಾರೆ, ಮೂರನೆಯ ಸಾಲಿನಲ್ಲಿ, ಹೆಸರು ಹೇಳಬೇಡಿ ಎಂದು ಕೈ ಮುಗಿಯುತ್ತಿದ್ದಾರೆ. ಊಟದ ನಂತರ ಅವರು ಬೆಂಚಿನ ಮೇಲೆ ಕೂತು ಹೇಳುತ್ತಾರೆ, ಕೆಳಗೆ ಕೂತು ಪಾಯಿಂಟು ಉಜ್ಜುವವರು ನೀವು. ನನ್ನ ಹೆಂಡತಿ ಆಗಲೇ ಹೋಗಿ ಒಂದು ತುದಿಯಲ್ಲಿ ಜಾಗ ಹಿಡಿದಿದ್ದಾಳೆ. ಇನ್ನೊಂದು ತುದಿಯಲ್ಲಿ ಬಿಳಿ ಪಂಚೆಯವರು ಕೂರಬೇಡಿ, ಆ ಕಡೆ ಹಲಗೆ ಇನ್ನೂ ಎಣ್ಣೆ ಬಿಡುತ್ತಿದೆ.